ಅಳೆದು ಕೊಡುವ ಬೆಳಕು

ಕನ್ನಡದಲ್ಲಿ ‘ಮಾನ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಅಳತೆಯೂ ಮಾನ, ಮರ್ಯಾದೆಯೂ ಮಾನ. ಕೊಳಗ, ಬಳ್ಳ, ಸೇರು, ಪಾವುಗಳು ಒಂದು ಬಗೆಯ ಮಾನವಾದರೆ, ಕಡುಬಡವನೂ ಕೊನೆಯವರೆಗೆ ಕಾಪಾಡಿಕೊಳ್ಳಬಯಸುವುದು ಇನ್ನೊಂದು ಬಗೆಯ ಮಾನ. ನಿಘಂಟುಕಾರರು ಇವೆರಡನ್ನೂ ಬೇರೆ ಬೇರೆ ಅಂಕಿಗಳ ಕೆಳಗೆ ಬರೆದರೂ, ಲೋಕವ್ಯವಹಾರದಲ್ಲಿ ಅವು ಅಷ್ಟು ದೂರವಾದವುಗಳಲ್ಲ. ಅಳತೆ ಕೆಟ್ಟಲ್ಲಿ ಕೊಳ್ಳುವವನಿಗೆ ನಷ್ಟ ಮಾತ್ರವಲ್ಲ, ಅವಮಾನವೂ ಆಗುತ್ತದೆ. ಈ ಮಾತಿಗೆ ನಿದರ್ಶನವನ್ನು ಸಂತೆಯ ತಕ್ಕಡಿಯಲ್ಲಿ ಹುಡುಕುವುದು ಸುಲಭ. ನಾನಾದರೋ ಅದನ್ನು ಸ್ವಲ್ಪ ದೂರದಿಂದ, ಬ್ರಿಟನ್ನಿನ ಕ್ಯಾರವಾನ್ ನಿವೇಶನಗಳಿಂದ ತರಲು ಬಯಸುತ್ತೇನೆ. ಅಲ್ಲಿ ಅಳೆಯುವ ಸರಕು ಅಕ್ಕಿಯಲ್ಲ, ರಾಗಿಯಲ್ಲ. ಕಣ್ಣಿಗೆ ಕಾಣದ ವಿದ್ಯುಚ್ಛಕ್ತಿ.

‘ಕಾರವಾನ್’ ಎಂಬುದು ಮೂಲತಃ ಪಾರಸಿ ಶಬ್ದ. ಮರುಭೂಮಿಯಲ್ಲಿ ಒಂಟೆಗಳೊಡನೆ ಸಾಗುವ ವರ್ತಕರ ತಂಡ, ಅಂದರೆ ನಮ್ಮ ಹಳೆಯ ಕಾವ್ಯಗಳ ‘ಸಾರ್ಥ’ವೇ ಅದರ ಅರ್ಥ. ಇಂಗ್ಲೆಂಡಿಗೆ ಹೋಗಿ ನೆಲಸುವಷ್ಟರಲ್ಲಿ ಅದು ಗಾಲಿಗಳ ಮೇಲಿನ ಮನೆಯಾಯಿತು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ನಿವೃತ್ತ ವೈದ್ಯನೂ ಲೇಖಕನೂ ಆದ ಮಹಾಶಯನು ‘ವಾಂಡರರ್’ ಎಂಬ ಕುದುರೆಗಾಡಿಯ ಮನೆಯನ್ನು ಮಾಡಿಸಿಕೊಂಡು, ಕೇವಲ ಸಂತೋಷಕ್ಕಾಗಿ ಸ್ಕಾಟ್ಲೆಂಡಿನವರೆಗೆ ಸಂಚರಿಸಿ ಬಂದನು. 1907ರಲ್ಲಿ ಇಂಥ ಸಂಚಾರಪ್ರಿಯರ ಸಂಘವೊಂದೂ ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮನೆಗಳ ಅಭಾವ ತೀವ್ರವಾದಾಗ, ವಿನೋದದ ಗಾಡಿಯೇ ಸಾವಿರಾರು ಸಂಸಾರಗಳಿಗೆ ಮನೆಯಾಯಿತು. 1959ರಲ್ಲಿ ಸರ್ ಆರ್ಟನ್ ವಿಲ್ಸನ್ ಅವರು ಈ ಬಾಳ್ವೆಯನ್ನು ಕುರಿತು ಸರ್ಕಾರಕ್ಕೆ ವರದಿಯನ್ನೊಪ್ಪಿಸಿದರು. ಮರುವರ್ಷ ನಿವೇಶನಗಳಿಗೆ ಪರವಾನಗಿಯನ್ನು ವಿಧಿಸುವ ಶಾಸನ ಬಂದಿತು.

ಇಂದು ಅಲ್ಲಿ ಮೂರು ಬಗೆಯ ಕ್ಯಾರವಾನುಗಳನ್ನು ಕಾಣಬಹುದು. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವುದು ಒಂದು. ಕಡಲತೀರದ ನಿವೇಶನದಲ್ಲಿ ನೆಲೆಯಾಗಿ ನಿಂತಿದ್ದು ರಜೆಯಲ್ಲಿ ಮಾತ್ರ ತೆರೆಯುವುದು ಇನ್ನೊಂದು. ಮೂರನೆಯದನ್ನು ‘ಪಾರ್ಕ್ ಹೋಮ್’ ಎನ್ನುತ್ತಾರೆ. ಕಾನೂನಿನ ಭಾಷೆಯಲ್ಲಿ ಇದು ಚಲಿಸಬಲ್ಲ ಮನೆ. ವಾಸ್ತವದಲ್ಲಿ ಕದಲುವುದೇ ಅಪರೂಪ. ದೊಡ್ಡ ಮನೆಯನ್ನು ಮಾರಿ, ಉಳಿದ ಹಣದಲ್ಲಿ ಇಳಿವಯಸ್ಸನ್ನು ಕಳೆಯಬಂದ ವೃದ್ಧರೇ ಇಲ್ಲಿ ಬಹುಮಂದಿ. ಮನೆ ಅವರದು, ಅದು ನಿಂತ ನೆಲ ನಿವೇಶನದ ಒಡೆಯನದು. ಆ ನೆಲದಡಿಯಲ್ಲಿ ಹರಿದುಬರುವ ವಿದ್ಯುತ್ತೂ ಅನೇಕ ಕಡೆಗಳಲ್ಲಿ ಒಡೆಯನ ಕೈಯಿಂದಲೇ ಬರಬೇಕು. ವಿದ್ಯುತ್ ಸಂಸ್ಥೆಗೆ ಗೊತ್ತಿರುವ ಗಿರಾಕಿ ಒಬ್ಬನೇ, ಅವನು ಒಡೆಯ. ಉಳಿದವರು ಅವನ ಗಿರಾಕಿಗಳು.

ಸಂಚಾರಿಗಳ ವಿಷಯದಲ್ಲಿ ಏರ್ಪಾಡು ಸರಳವಾಗಿದೆ. ಪ್ರತಿಯೊಂದು ತಾಣದ ಬಳಿಯೂ ಮೊಣಕಾಲೆತ್ತರದ ಕಂಬವೊಂದಿರುತ್ತದೆ. ಅದಕ್ಕೆ ನೀಲಿ ಬಣ್ಣದ, ಮೂರು ಮುಳ್ಳುಗಳ ಪ್ಲಗ್ಗನ್ನು ಚುಚ್ಚಿದರೆ ಕ್ಯಾರವಾನಿನೊಳಗೆ ದೀಪ ಹತ್ತುತ್ತದೆ. ಸಾಮಾನ್ಯವಾಗಿ ಅಲ್ಲಿ ದೊರೆಯುವುದು 16 ಆಂಪಿಯರುಗಳು. 230 ವೋಲ್ಟಿನ ಲೆಕ್ಕದಲ್ಲಿ ಸುಮಾರು 3,680 ವಾಟುಗಳಾದವು. 2,000 ವಾಟಿನ ಕೆಟಲನ್ನೂ ಅಷ್ಟೇ ಬಲದ ಶಾಖಯಂತ್ರವನ್ನೂ ಒಟ್ಟಿಗೆ ಹಚ್ಚಿದರೆ ಕಂಬದ ಸ್ವಿಚ್ಚು ತಾನಾಗಿಯೇ ಬೀಳುತ್ತದೆ. ಚಹಾ ಬೇಕೆ, ಬೆಚ್ಚನೆಯ ಕೋಣೆ ಬೇಕೆ ಎಂಬ ಪ್ರಶ್ನೆಗೆ ಗೃಹಿಣಿ ಆಗ ಉತ್ತರ ಹೇಳಬೇಕಾಗುತ್ತದೆ!

ಹಣ ತೆರುವ ಬಗೆಗಳು ಮುಖ್ಯವಾಗಿ ಮೂರು. ವಿದ್ಯುತ್ತಿನ ಬೆಲೆಯನ್ನು ರಾತ್ರಿಯ ಬಾಡಿಗೆಯಲ್ಲಿಯೇ ಸೇರಿಸಿಬಿಡುವುದು ಮೊದಲನೆಯದು. ಇದರಲ್ಲಿ ಲೆಕ್ಕದ ತಾಪತ್ರಯವಿಲ್ಲ; ಆದರೆ ಒಂದೇ ದೀಪದಲ್ಲಿ ಓದುತ್ತ ಕುಳಿತ ಮಿತವ್ಯಯಿಯು, ಬಾಗಿಲನ್ನು ತೆರೆದಿಟ್ಟು ಹಗಲಿರುಳೂ ಶಾಖಯಂತ್ರವನ್ನುರಿಸುವ ನೆರೆಯವನ ವೆಚ್ಚದಲ್ಲಿ ಪಾಲುಗಾರನಾಗುತ್ತಾನೆ. ಪ್ರತಿ ತಾಣಕ್ಕೂ ಮೀಟರಿಟ್ಟು, ಬಂದಾಗ ಒಮ್ಮೆ ಹೊರಡುವಾಗ ಒಮ್ಮೆ ಅಂಕಿಯನ್ನು ಓದಿ, ವ್ಯತ್ಯಾಸಕ್ಕೆ ಹಣ ಪಡೆಯುವುದು ಎರಡನೆಯದು. ಮೂರನೆಯದು ಮುಂಗಡದ ಪದ್ಧತಿ: ನಾಣ್ಯವನ್ನೋ ಬಿಲ್ಲೆಯನ್ನೋ ಕಾರ್ಡನ್ನೋ ಮೀಟರಿಗೆ ಉಣಿಸಬೇಕು, ಅದು ತೀರಿದೊಡನೆ ಕತ್ತಲೆ.

ಈ ನಾಣ್ಯದ ಮೀಟರಿಗೆ ದೀರ್ಘವಾದ ಚರಿತ್ರೆಯುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ತಿಂಗಳುಗಟ್ಟಲೆಯ ಬಿಲ್ಲನ್ನು ಒಮ್ಮೆಗೇ ತೆರಲಾರದ ಕೂಲಿಕಾರರ ಮನೆಗಳಿಗೆ ಗ್ಯಾಸನ್ನು ತಲುಪಿಸಲು ‘ಪೆನ್ನಿ ಮೀಟರು’ ಬಂದಿತು. ಅನಂತರ ವಿದ್ಯುತ್ತಿಗೂ ಅದೇ ಉಪಾಯವಾಯಿತು. ಬಾಡಿಗೆ ಕೋಣೆಗಳಲ್ಲಿ ಬದುಕಿದ ಎರಡು ಮೂರು ತಲೆಮಾರುಗಳ ಆಂಗ್ಲರಿಗೆ ‘ಮೀಟರಿಗೊಂದು ಶಿಲ್ಲಿಂಗು’ ಎಂಬುದು ನಿತ್ಯದ ಚಿಂತೆಯ ಮಾತು. 1971ರ ಫೆಬ್ರವರಿ 15ರಂದು ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದಾಗ ಶಿಲ್ಲಿಂಗು ಐದು ಪೆನ್ಸ್ ಆಯಿತು. 2017ರ ಮಾರ್ಚಿಯಲ್ಲಿ ಹನ್ನೆರಡು ಮುಖದ ಹೊಸ ಪೌಂಡ್ ನಾಣ್ಯ ಬಂದು, ಅಕ್ಟೋಬರ್ 15ರ ಅನಂತರ ದುಂಡನೆಯ ಹಳೆಯ ಪೌಂಡು ಚಲಾವಣೆ ಕಳೆದುಕೊಂಡಾಗ, ಅದನ್ನು ನುಂಗುತ್ತಿದ್ದ ಮೀಟರುಗಳ ಬಾಯಿಯನ್ನೂ ತಿದ್ದಬೇಕಾಯಿತು.

ನಾಣ್ಯ ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ. ಒಂದು ನಾಣ್ಯಕ್ಕೆ ಎಷ್ಟು ವಿದ್ಯುತ್ತು ಎಂಬುದನ್ನು ಮೀಟರಿನೊಳಗೆ ಗೊತ್ತುಮಾಡಿ ಇಡುವವನು ಮನೆಯೊಡೆಯ ಅಥವಾ ನಿವೇಶನದ ಒಡೆಯ. ಮೀಟರು ಸುಳ್ಳು ಹೇಳದೆ ಇರಬಹುದು. ಅದು ಎಣಿಸಿದ ಯೂನಿಟ್ಟುಗಳು ಸರಿಯಾಗಿಯೇ ಇರಬಹುದು. ಆದರೆ ಆ ಯೂನಿಟ್ಟಿಗೆ ಹಚ್ಚಿದ ದರ? ಅಂಗಡಿಯ ಅಕ್ಕಿ ತುಟ್ಟಿಯಾದರೆ ಪಕ್ಕದ ಅಂಗಡಿಗೆ ಹೋಗಬಹುದು. ಕಂಬವೊಂದೇ ಇರುವಲ್ಲಿ ಕೊಳ್ಳುವವನು ಎಲ್ಲಿಗೆ ಹೋಗಬೇಕು?

ಈ ಇಕ್ಕಟ್ಟನ್ನು ಬಲ್ಲ ಬ್ರಿಟನ್ನಿನ ಶಾಸನಕರ್ತರು 1989ರ ವಿದ್ಯುಚ್ಛಕ್ತಿ ಶಾಸನದಲ್ಲಿಯೇ ‘ಮರುಮಾರಾಟದ ಗರಿಷ್ಠ ಬೆಲೆ’ಯನ್ನು ಗೊತ್ತುಮಾಡುವ ಅಧಿಕಾರವನ್ನು ನಿಯಂತ್ರಕರಿಗೆ ಕೊಟ್ಟರು. ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆಯು 2003ರ ಜನವರಿ 1ರಿಂದ ಜಾರಿಗೆ ತಂದ ನಿಯಮದ ತಿರುಳು ಒಂದೇ ವಾಕ್ಯದಲ್ಲಿ ಹೇಳುವಂಥದು: ಮನೆಬಳಕೆಗಾಗಿ ವಿದ್ಯುತ್ತನ್ನು ಮರುಮಾರುವವನು ತಾನು ಕೊಟ್ಟ ಬೆಲೆಗಿಂತ ಹೆಚ್ಚಿಗೆ ಪಡೆಯತಕ್ಕದ್ದಲ್ಲ. ಕೊಂಡ ದರಕ್ಕೇ ಕೊಡಬೇಕು. ವಿದ್ಯುತ್ ಸಂಸ್ಥೆ ವಿಧಿಸುವ ಸ್ಥಿರ ಶುಲ್ಕವನ್ನು ಮಾತ್ರ ಎಲ್ಲರಿಗೂ ನ್ಯಾಯವಾಗಿ ಹಂಚಬಹುದು.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಐವತ್ತು ಮನೆಗಳ ನಿವೇಶನದ ಒಡೆಯನು ಯೂನಿಟ್ಟಿಗೆ 25 ಪೆನ್ಸ್‌ನಂತೆ ವಿದ್ಯುತ್ತನ್ನು ಕೊಳ್ಳುತ್ತಾನೆ. ತಿಂಗಳ ಸ್ಥಿರ ಶುಲ್ಕ 150 ಪೌಂಡ್. ಒಂದು ತಿಂಗಳಲ್ಲಿ 200 ಯೂನಿಟ್ಟು ಉರಿಸಿದ ವೃದ್ಧೆಯೊಬ್ಬಳು ಅದಕ್ಕೆ 50 ಪೌಂಡ್, ಸ್ಥಿರ ಶುಲ್ಕದಲ್ಲಿ ತನ್ನ ಪಾಲು 3 ಪೌಂಡ್, ಒಟ್ಟು 53 ಪೌಂಡ್ ತೆರಬೇಕು. ಒಡೆಯನು ಯೂನಿಟ್ಟಿಗೆ 30 ಪೆನ್ಸ್ ಹಚ್ಚಿದನೆನ್ನಿ, ಆಕೆ ತಿಂಗಳಿಗೆ 10 ಪೌಂಡನ್ನು ಅನ್ಯಾಯವಾಗಿ ಕಳೆದುಕೊಂಡಂತಾಯಿತು. ಐದು ಪೆನ್ಸ್ ಎಂದರೆ ಅಲ್ಪವೆಂದು ತೋರಬಹುದು. ಐವತ್ತು ಮನೆಗಳೂ ಅಷ್ಟೇ ಬಳಸಿದರೆ ವರ್ಷಕ್ಕೆ ಅದು 6,000 ಪೌಂಡುಗಳಾಗುತ್ತದೆ! ಹೀಗೆ ಹೆಚ್ಚಿಗೆ ತೆತ್ತವರು ಆ ಹಣವನ್ನು ಸಿವಿಲ್ ನ್ಯಾಯಾಲಯದ ಮೂಲಕ ಬಡ್ಡಿಯೊಡನೆ ಮರಳಿ ಪಡೆಯಬಹುದು.

ಆದರೆ ಹೆಚ್ಚಿಗೆ ತೆತ್ತೆನೆಂಬುದು ತಿಳಿಯುವುದು ಹೇಗೆ? ಒಡೆಯನಿಗೆ ಬಂದ ಬಿಲ್ಲನ್ನು ನೋಡಿದರೆ ತಾನೆ? ಪಾರ್ಕ್ ಹೋಮುಗಳಲ್ಲಿ ನೆಲಸಿದವರ ಮಟ್ಟಿಗೆ 1983ರ ಮೊಬೈಲ್ ಹೋಮ್ಸ್ ಶಾಸನದ ಕಟ್ಟಳೆಗಳಲ್ಲಿ ಇದಕ್ಕೂ ಉತ್ತರವಿದೆ. ನಿವಾಸಿಯು ಕೇಳಿದಲ್ಲಿ, ವಿದ್ಯುತ್ತು ನೀರು ಮೊದಲಾದವುಗಳಿಗೆ ತಾನು ವಿಧಿಸಿದ ಹಣಕ್ಕೆ ಲಿಖಿತ ಆಧಾರವನ್ನೂ ವಿವರಣೆಯನ್ನೂ ಒಡೆಯನು ಉಚಿತವಾಗಿ ಕೊಡಬೇಕು. ನನಗೆ ಇಡೀ ಏರ್ಪಾಡಿನಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಈ ಒಂದು ಮಾತು. ದರವನ್ನು ಕಟ್ಟಿಹಾಕುವ ನಿಯಮ ಎಷ್ಟೇ ಬಿಗಿಯಾಗಿದ್ದರೂ, ಕಾಗದವನ್ನು ತೋರಿಸೆಂದು ಕೇಳುವ ಹಕ್ಕಿಲ್ಲದಿದ್ದರೆ ಅದು ಗೋಡೆಗೆ ತೂಗಿದ ಚಿತ್ರವಾಗಿಯೇ ಉಳಿಯುತ್ತದೆ.

ಒಡೆಯನ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿಲ್ಲದೆ ಇಲ್ಲ. ನೆಲದಡಿಯ ತಂತಿಗಳನ್ನು ಹಾಕಿಸುವವನು, ಕೆಟ್ಟರೆ ಸರಿಪಡಿಸುವವನು ಅವನು. ಮೀಟರುಗಳನ್ನು ಓದಿಸಬೇಕು, ಬಿಲ್ಲು ಬರೆಯಿಸಬೇಕು. ಯಾರೋ ಹಣ ಕೊಡದೆ ಉಳಿದರೆ ವಿದ್ಯುತ್ ಸಂಸ್ಥೆ ಹಿಡಿಯುವುದು ಅವನನ್ನೇ. ಅಲ್ಲದೆ 2019ರ ಜನವರಿಯಿಂದ ಬ್ರಿಟನ್ನಿನ ಸಾಮಾನ್ಯ ಗೃಹಸ್ಥನಿಗೆ ದೊರೆತ ದರಮಿತಿಯ ರಕ್ಷಣೆ ವ್ಯಾಪಾರದ ಕರಾರಿನಲ್ಲಿ ವಿದ್ಯುತ್ತನ್ನು ಕೊಳ್ಳುವವನಿಗಿಲ್ಲ. ಅವನು ತುಟ್ಟಿಗೆ ಕೊಂಡರೆ ನಿವಾಸಿಗೂ ತುಟ್ಟಿಯೇ. ನಿಯಮವು ಲಾಭವನ್ನು ತಡೆಯಬಲ್ಲುದೇ ಹೊರತು ದುಬಾರಿಯನ್ನು ತಡೆಯಲಾರದು.

ಈ ಕೊರತೆಯು ಎಷ್ಟು ತೀಕ್ಷ್ಣವಾದುದೆಂಬುದು 2022ರ ಚಳಿಗಾಲದಲ್ಲಿ ಪ್ರಕಟವಾಯಿತು. ಉಕ್ರೇನಿನ ಯುದ್ಧದಿಂದಾಗಿ ಇಂಧನದ ಬೆಲೆಗಳು ವಿಪರೀತವಾಗಿ ಏರಿದಾಗ, ಸರ್ಕಾರವು ಪ್ರತಿಯೊಂದು ಮನೆಗೂ 400 ಪೌಂಡುಗಳ ನೆರವನ್ನು ಘೋಷಿಸಿತು. ಅಕ್ಟೋಬರಿನಿಂದ ಆರು ತಿಂಗಳ ಕಾಲ ಅದು ಕಂತುಕಂತಾಗಿ ಬಿಲ್ಲಿನಲ್ಲಿಯೇ ಕಳೆದು ಬಂದಿತು, ಆದರೆ ವಿದ್ಯುತ್ ಸಂಸ್ಥೆಯಲ್ಲಿ ತಮ್ಮದೇ ಖಾತೆಯಿದ್ದವರಿಗೆ. ಒಡೆಯನ ಮೀಟರಿನ ಹಿಂದೆ ಬದುಕುತ್ತಿದ್ದವರ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಅವರು ಬೇರೆಯಾಗಿ ಅರ್ಜಿ ಸಲ್ಲಿಸಬೇಕಾಯಿತು. ಆ ಅರ್ಜಿಗೆ ಬಾಗಿಲು ತೆರೆದದ್ದು 2023ರ ಫೆಬ್ರವರಿ 27ರಂದು. ಅಷ್ಟರಲ್ಲಿ ಚಳಿಗಾಲದ ಬಹುಪಾಲು ಕಳೆದುಹೋಗಿತ್ತು. ಮೇ 31ರಂದು ಬಾಗಿಲು ಮುಚ್ಚಿತು. ವ್ಯಾಪಾರಸ್ಥರಿಗೆ ಕೊಟ್ಟ ದರದ ರಿಯಾಯಿತಿಯನ್ನು ಒಡೆಯರು ತಮ್ಮಲ್ಲಿಯೇ ಇಟ್ಟುಕೊಳ್ಳದೆ ನಿವಾಸಿಗಳಿಗೆ ದಾಟಿಸಬೇಕೆಂದು ಪ್ರತ್ಯೇಕ ಕಟ್ಟಳೆಯನ್ನೇ ಮಾಡಬೇಕಾಯಿತು. ಮೀಟರಿತ್ತು, ಅಂಕಿಯಿತ್ತು, ಹಣ ತೆರುವವನೂ ಇದ್ದನು. ಆದರೂ ಅವನು ಲೆಕ್ಕಕ್ಕೆ ಸಿಗದ ಮನುಷ್ಯನಾಗಿದ್ದನು.

ಇದು ಪರದೇಶದ ಕಥೆಯೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ವಠಾರಗಳಲ್ಲಿ ಬಾಡಿಗೆಗೆ ಬದುಕಿದವರಿಗೆ ‘ಸಬ್ ಮೀಟರು’ ಎಂಬ ಶಬ್ದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರೂ ಅದರ ಫಲವನ್ನು ಪಡೆಯುವಂತಾಯಿತು. ಆದರೆ ಅದಕ್ಕೆ ಆಧಾರ ಮೀಟರಿನ ಆರ್.ಆರ್. ಸಂಖ್ಯೆ. ಹಲವು ಮನೆಗಳು ಒಂದೇ ಸಂಖ್ಯೆಯ ಕೆಳಗೆ ಬದುಕುವಲ್ಲಿ, ಬಳಸುವವನಿಗೂ ಕೊಡುವವನಿಗೂ ನಡುವೆ ಒಬ್ಬನು ನಿಂತೇ ಇರುತ್ತಾನೆ. ನಡುವೆ ನಿಂತವನೆಲ್ಲ ಕೆಟ್ಟವನಲ್ಲ. ಆದರೆ ಅವನ ಒಳ್ಳೆಯತನವನ್ನೇ ನಂಬಿ ದೀಪ ಹಚ್ಚಬೇಕಾದ ಸ್ಥಿತಿ ಮಾತ್ರ ಒಳ್ಳೆಯದಲ್ಲ.

ವಿದ್ಯುತ್ತನ್ನು ಧರ್ಮಕ್ಕೆ ಕೊಡಿರೆಂದು ಆ ನಿವೇಶನಗಳ ವೃದ್ಧರು ಕೇಳುತ್ತಿಲ್ಲ. ಉರಿಸಿದಷ್ಟಕ್ಕೆ ಹಣ ಕೊಡಲು ಅವರು ಸಿದ್ಧರಿದ್ದಾರೆ. ಹಾಗೆ ಕೊಡುವುದರಲ್ಲಿಯೇ ಅವರ ಮರ್ಯಾದೆ ಇದೆ. ಅವರು ಕೇಳುವುದು ಎರಡೇ: ಅಳೆದದ್ದು ಸರಿಯಾಗಿರಲಿ, ಅಳೆದುದರ ಲೆಕ್ಕ ಕಣ್ಣಿಗೆ ಕಾಣಲಿ. ‘ಮಾನ’ದ ಎರಡು ಅರ್ಥಗಳನ್ನು ನಮ್ಮ ಭಾಷೆ ಒಂದೇ ಶಬ್ದದಲ್ಲಿ ಹಿಡಿದಿಟ್ಟಿರುವುದು ಸುಮ್ಮನೆ ಅಲ್ಲವೆಂದು ಇಂಥ ಸಂಗತಿಗಳನ್ನು ಕಂಡಾಗ ತೋರುತ್ತದೆ.