ಗೋತ್ಲಾಂಡಿನ ಸುಣ್ಣಕಲ್ಲಿನ ಚರ್ಚುಗಳು

ಬಾಲ್ಟಿಕ್ ಸಮುದ್ರದ ನಡುವೆ, ಸ್ವೀಡನ್ ದೇಶಕ್ಕೆ ಸೇರಿದ ಗೋತ್ಲಾಂಡ್ ಎಂಬ ದ್ವೀಪವಿದೆ. ಅದರ ವಿಸ್ತೀರ್ಣ 3,000 ಚದರ ಕಿಲೋಮೀಟರುಗಳಿಗೆ ತುಸು ಹೆಚ್ಚು. ಇಷ್ಟು ಚಿಕ್ಕ ನೆಲದಲ್ಲಿ ಮಧ್ಯಯುಗದ ಕಲ್ಲಿನ ಚರ್ಚುಗಳು 90ಕ್ಕೂ ಹೆಚ್ಚಾಗಿ ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಬಹುಪಾಲು ಹೊಲಗಳ ನಡುವೆ ನಿಂತ ಹಳ್ಳಿಯ ಚರ್ಚುಗಳೆಂಬುದು ಗಮನಾರ್ಹವಾದುದು. ಇವುಗಳ ಕಥೆಯನ್ನು ಅರಿಯಬೇಕಾದರೆ ನಾವು ಮೊದಲು ದ್ವೀಪದ ಕಲ್ಲನ್ನೇ ಪರೀಕ್ಷಿಸಬೇಕು.

ಸುಮಾರು 42 ಕೋಟಿ ವರ್ಷಗಳ ಹಿಂದೆ ಈ ಭೂಭಾಗವು ಭೂಮಧ್ಯರೇಖೆಯ ಸಮೀಪದಲ್ಲಿ, ಬೆಚ್ಚನೆಯ ಆಳವಿಲ್ಲದ ಕಡಲಿನ ಅಡಿಯಲ್ಲಿದ್ದಿತು. ಅಲ್ಲಿ ಹವಳದ ಜೀವಿಗಳೂ ಚಿಪ್ಪಿನ ಪ್ರಾಣಿಗಳೂ ಬಾಳಿ ಅಳಿದವು. ಅವುಗಳ ಅವಶೇಷಗಳು ಪದರಪದರವಾಗಿ ಶೇಖರವಾಗಿ ಸುಣ್ಣಕಲ್ಲಾದುವು. ಚರ್ಚಿನ ಗೋಡೆಯ ಕಲ್ಲನ್ನು ಹತ್ತಿರದಿಂದ ನೋಡಿದರೆ ಆ ಪ್ರಾಣಿಗಳ ಗುರುತುಗಳು ಇಂದಿಗೂ ಕಾಣುತ್ತವೆ. ದಕ್ಷಿಣದ ಭಾಗದಲ್ಲಿ ಮಾತ್ರ ಮರಳುಗಲ್ಲು ದೊರೆಯುತ್ತದೆ.

ಮೊದಲ ಚರ್ಚುಗಳು ಮರದವು. ಹೆಮ್ಸೆ ಎಂಬಲ್ಲಿ ಅಂತಹ ಒಂದರ ಹಲಗೆಗಳು, ಕಲ್ಲಿನ ಚರ್ಚಿನ ನೆಲಹಾಸಾಗಿ ಬಳಕೆಯಾಗಿದ್ದುದು 1896ರಲ್ಲಿ ಪತ್ತೆಯಾಯಿತು. 12ನೆಯ ಶತಮಾನದಿಂದ ಕಲ್ಲಿನ ಕೆಲಸ ಭರದಿಂದ ಸಾಗಿತು. ದ್ವೀಪದ ರೈತರು ಹಡಗಿನ ವ್ಯಾಪಾರಿಗಳೂ ಆಗಿದ್ದುದರಿಂದ ಹಣಕ್ಕೆ ಕೊರತೆಯಿರಲಿಲ್ಲ. ವಿಸ್ಬಿ ಪಟ್ಟಣದಲ್ಲಿ ಜರ್ಮನ್ ವ್ಯಾಪಾರಿಗಳ ಚರ್ಚು 1225ರಲ್ಲಿ ಪ್ರತಿಷ್ಠೆಯಾಯಿತು. ಆದರೆ 1350ರ ಮಹಾಮಾರಿಯೂ, 1361ರಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ದಾಳಿಯೂ ಈ ಸಂಪತ್ತನ್ನು ಕುಗ್ಗಿಸಿದವು. ಗಾರ್ಡೆಯ ಚರ್ಚಿನಲ್ಲಿ ಪೂಜಾಪೀಠವಿರುವ ಭಾಗವು ಜನರು ಕುಳಿತುಕೊಳ್ಳುವ ಭಾಗಕ್ಕಿಂತ ಬಹು ಎತ್ತರ: ಹೊಸದಾಗಿ ಆರಂಭಿಸಿದ ಕಟ್ಟಡ ಪೂರ್ಣಗೊಳ್ಳಲಿಲ್ಲ. ಅನಂತರದ ಬಡತನವೇ ಈ ಚರ್ಚುಗಳನ್ನು ಉಳಿಸಿತೆಂದು ನಮ್ಮ ಭಾವನೆ. ಕೆಡವಿ ಹೊಸದನ್ನು ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲ.

ಗೋಡೆಯ ಕಲ್ಲು ಮಾತ್ರವಲ್ಲ, ಅದನ್ನು ಬಂಧಿಸಿದ ಗಾರೆಯೂ ಅದೇ ಕಲ್ಲಿನಿಂದ ಆದುದು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಟ್ಟರೆ ಇಂಗಾಲದ ಡೈ ಆಕ್ಸೈಡು ಹೊರಹೋಗುತ್ತದೆ. ಶುದ್ಧವಾದ 100 ಕಿಲೋಗ್ರಾಂ ಕಲ್ಲಿನಲ್ಲಿ 44 ಕಿಲೋಗ್ರಾಂ ಹೀಗೆ ಮಾಯವಾಗಿ, ಉಳಿದ 56 ಕಿಲೋಗ್ರಾಂ ಸುಟ್ಟ ಸುಣ್ಣವಾಗುತ್ತದೆ. ಇದಕ್ಕೆ ನೀರು ಹಾಕಿದರೆ ಕುದಿಯುತ್ತ ಅರಳುತ್ತದೆ. ಮರಳಿನೊಡನೆ ಕಲಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಮರಳಿ ಪಡೆದು ಪುನಃ ಸುಣ್ಣಕಲ್ಲಾಗುತ್ತದೆ. ದಪ್ಪ ಗೋಡೆಯ ಒಳಭಾಗದಲ್ಲಿ ಇದು ಮುಗಿಯಲು ಬಹುಕಾಲ ಹಿಡಿಯುತ್ತದೆ. ಈ ಗಾರೆ ಮೃದುವಾದುದು, ಸೂಕ್ಷ್ಮರಂಧ್ರಗಳುಳ್ಳದ್ದು. ಗೋಡೆಗೆ ಇಳಿದ ಮಳೆನೀರು ಇದರ ಮೂಲಕ ಮತ್ತೆ ಆವಿಯಾಗಿ ಹೋಗುತ್ತದೆ.

20ನೆಯ ಶತಮಾನದಲ್ಲಿ ಹಳೆಯ ಕಟ್ಟಡಗಳ ದುರಸ್ತಿಗೆ ಸಿಮೆಂಟು ಬಂದಿತು. ಬೇಗ ಗಟ್ಟಿಯಾಗುವ ವಸ್ತುವನ್ನು ಎಂಜಿನಿಯರುಗಳು ಮೆಚ್ಚಿದ್ದು ಸಹಜವೇ. ಆದರೆ ಗಟ್ಟಿಯಾಗಿರುವುದೇ ಒಳ್ಳೆಯದೆಂಬ ಊಹೆ ಇಲ್ಲಿ ನಿಲ್ಲಲಿಲ್ಲ. ಸಿಮೆಂಟಿನ ಲೇಪದ ಬಿರುಕುಗಳಲ್ಲಿ ನುಸುಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಚಳಿಗಾಲದಲ್ಲಿ ಅದು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಶೇಕಡಾ 9ರಷ್ಟು ಹಿಗ್ಗುತ್ತದೆ. ಆಗ ಸಿಮೆಂಟಿಗಿಂತ ಮೃದುವಾದ ಹಳೆಯ ಗಾರೆ ಪುಡಿಯಾಗುತ್ತದೆ, ಕಲ್ಲಿನ ಮೈ ಸಿಡಿಯುತ್ತದೆ. ಹೊರಗಿನ ಲೇಪವು ನೆಟ್ಟಗಿರುವಾಗಲೇ ಒಳಗೆ ಗೋಡೆ ಕ್ಷಯಿಸುವುದರಿಂದ ಹಾನಿಯು ತಡವಾಗಿ ಗೋಚರಿಸುತ್ತದೆ. ವಿನೋದವೆಂದರೆ, ಸ್ವೀಡನ್ನಿನ ಅತಿ ದೊಡ್ಡ ಸಿಮೆಂಟು ಕಾರ್ಖಾನೆಯೂ ಇದೇ ದ್ವೀಪದ ಸ್ಲೀತೆಯಲ್ಲಿದ್ದು, ಇದೇ ಸುಣ್ಣಕಲ್ಲನ್ನು ಬಳಸುತ್ತದೆ!

ಆದುದರಿಂದ ಈಗ ಹಳೆಯ ಚರ್ಚುಗಳ ದುರಸ್ತಿಗೆ ಸುಣ್ಣದ ಗಾರೆಯೇ ಮರಳಿದೆ. ಅದನ್ನು ತೆಳುವಾಗಿ, ಪದರದ ಮೇಲೆ ಪದರವಾಗಿ ಬಳಿಯಬೇಕು. ಬಿಸಿಲಿಗೆ ಬೇಗ ಒಣಗದಂತೆ ತೇವವಾಗಿಡಬೇಕು. ಗಟ್ಟಿಯಾಗುವ ಮುನ್ನ ಹಿಮ ಬಿದ್ದರೆ ಅದು ಕಳಚಿಹೋಗುತ್ತದೆ. ಆ ಉತ್ತರದ ದೇಶದಲ್ಲಿ ಗಾರೆಯವರಿಗೆ ವರ್ಷದಲ್ಲಿ ಕೆಲವೇ ತಿಂಗಳುಗಳ ಕೆಲಸ.