ಗಣಿತಸಾರಸಂಗ್ರಹದ ಒಂದು ಹಾರಸಂಖ್ಯೆ: 12345654321

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಗ್ರಂಥದ ಆದಿಯಲ್ಲಿ ನೃಪತುಂಗನ ಸ್ತುತಿಯಿದೆ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಇದರ ಗುಣಾಕಾರ ಪ್ರಕರಣದಲ್ಲಿ, ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಬಹುದಾದ ಗುಣಲಬ್ಧಗಳನ್ನು ಕೊಡುವ ಲೆಕ್ಕಗಳಿವೆ. ಇಂತಹ ಸಂಖ್ಯೆಗಳನ್ನು ಆಚಾರ್ಯನು ಕಂಠಾಭರಣಕ್ಕೆ ಹೋಲಿಸುತ್ತಾನೆ. ಇವು ಕೇವಲ ವಿನೋದಕ್ಕಾಗಿ ಇವೆಯೇ ಎಂಬುದು ಪ್ರಸ್ತುತ ವಿಚಾರ.

ಅವುಗಳಲ್ಲಿ ಒಂದು: 27994681 × 441 = 12345654321. ಒಂದರಿಂದ ಆರರವರೆಗೆ ಏರಿ, ಅನಂತರ ಕ್ರಮವಾಗಿ ಇಳಿಯುವ ಈ ಸಂಖ್ಯೆ ಹನ್ನೊಂದು ಅಂಕಿಗಳದು. ಮಹಾವೀರನು ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ ಹೇಳುವ 24 ಸ್ಥಾನಗಳಲ್ಲಿ ಹನ್ನೊಂದನೆಯದು ‘ಅರ್ಬುದ’. ಇಂದಿನ ರೂಢಿಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321.

ಈ ಸಂಖ್ಯೆಯು 111111ರ ವರ್ಗ. ಆರು ಒಂದುಗಳನ್ನು ಅವುಗಳಿಂದಲೇ ಗುಣಿಸಿ, ಸಾಲುಗಳನ್ನು ಒಂದೊಂದು ಸ್ಥಾನ ಸರಿಸಿ ಬರೆದರೆ ಕಂಬಸಾಲುಗಳ ಮೊತ್ತ 1, 2, 3, 4, 5, 6, 5, 4, 3, 2, 1 ಆಗುತ್ತದೆ. ಯಾವ ಮೊತ್ತವೂ ಒಂಬತ್ತನ್ನು ಮೀರದ ಕಾರಣ ದಶಕ ಏರುವುದಿಲ್ಲ, ಹಾರ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಕ್ರಮ ನಿಲ್ಲುತ್ತದೆ. ಹತ್ತು ಒಂದುಗಳ ವರ್ಗ 1234567900987654321. ಇಲ್ಲಿ ಸಮರೂಪತೆ ಮುರಿಯುತ್ತದೆ.

ಇನ್ನು ಅಪವರ್ತನಗಳನ್ನು ಗಮನಿಸೋಣ. 111111 = 3 × 7 × 11 × 13 × 37. ಐದೂ ಬೇರೆ ಬೇರೆ ಅವಿಭಾಜ್ಯಗಳು. ವರ್ಗದಲ್ಲಿ ಪ್ರತಿಯೊಂದೂ ಎರಡು ಬಾರಿ ಬರುವುದರಿಂದ 12345654321ಕ್ಕೆ 3⁵, ಅಂದರೆ 243 ಭಾಜಕಗಳಿವೆ. ಇವುಗಳಲ್ಲಿ 441 ಎಂಬುದು 3 × 7ರ, ಅಂದರೆ 21ರ ವರ್ಗ. ಉಳಿದ 11 × 13 × 37 = 5291; ಅದರ ವರ್ಗವೇ 27994681. ಹೀಗೆ ಮಹಾವೀರನ ಗುಣ್ಯ ಮತ್ತು ಗುಣಕಗಳೆರಡೂ ಪೂರ್ಣವರ್ಗಗಳು.

ಇದೇ ಜಾಡು ಇತರ ಲೆಕ್ಕಗಳಲ್ಲಿಯೂ ಕಾಣುತ್ತದೆ. 152207 × 73 = 11111111 ಎಂಬಲ್ಲಿ ಎಂಟು ಒಂದುಗಳ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳಾದ 11, 73, 101, 137ರಲ್ಲಿ 73 ಬೇರ್ಪಟ್ಟಿದೆ. 14287143 × 7 = 100010001 ಎಂಬಲ್ಲಿ ಬೇರ್ಪಟ್ಟ ಅಪವರ್ತನ 7.

ಗುಣ್ಯವನ್ನು ಮೊದಲು ಆರಿಸಿ ಆಕಸ್ಮಿಕವಾಗಿ ಇಂತಹ ಫಲ ಪಡೆಯುವುದು ಅಸಂಭಾವ್ಯ. ಹಾರವನ್ನು ಮೊದಲು ನಿಶ್ಚಯಿಸಿ, ಅದನ್ನು ಭಾಗಿಸಿ ಗುಣ್ಯವನ್ನು ಪಡೆದಿರಬೇಕೆಂದು ಊಹಿಸುವುದೇ ಯುಕ್ತ. ವಿದ್ಯಾರ್ಥಿಯ ಮುಂದಿರುವುದು ಗುಣಾಕಾರ. ಅದರ ಹಿಂದಿರುವುದು ಭಾಗಾಕಾರ ಮತ್ತು ಅಪವರ್ತನಗಳ ಜ್ಞಾನ. ಫಲವು ಹಾರವಾಗಿ ಬಂದರೆ ಲೆಕ್ಕ ಸರಿಯೆಂದು ಶಿಷ್ಯನಿಗೇ ತಿಳಿಯುತ್ತದೆ. ಆದ್ದರಿಂದ ಈ ಲೆಕ್ಕಗಳನ್ನು ಚಮತ್ಕಾರವೆಂದು ಬದಿಗಿರಿಸದೆ, ನೃಪತುಂಗನ ಕಾಲದ ಗಣಿತಬೋಧನೆಯ ಸಾಕ್ಷ್ಯವೆಂದು ಪರಿಗಣಿಸುವುದು ಉಚಿತ.