ದೊಡ್ಡ ಚರ್ಚೆಲ್ಲ ಕೆಥೆಡ್ರಲ್ ಅಲ್ಲ

ಮಂಗಳೂರಿನ ಕುಲಶೇಖರದಲ್ಲಿರುವ ಕೊರ್ಡೆಲ್ ಹೋಲಿ ಕ್ರಾಸ್ ಚರ್ಚ್‌ನ ಭವ್ಯತೆಯನ್ನು ಕಂಡವರು ಅದನ್ನು ಕೆಥೆಡ್ರಲ್ ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಏಕೆಂದರೆ ಪ್ರಾರ್ಥನಾಲಯ ಚಿಕ್ಕದಾದರೆ ಚಾಪೆಲ್, ಅದಕ್ಕಿಂತ ದೊಡ್ಡದಾದರೆ ಚರ್ಚ್, ಎಲ್ಲಕ್ಕಿಂತ ದೊಡ್ಡದಾದರೆ ಕೆಥೆಡ್ರಲ್ ಎಂಬ ತಿಳಿವಳಿಕೆ ಜನರಲ್ಲಿ ಬೇರೂರಿದೆ. ವಾಸ್ತವದಲ್ಲಿ ಈ ಪದಗಳಿಗೂ ಕಟ್ಟಡದ ಉದ್ದಗಲಗಳಿಗೂ ಸಂಬಂಧವಿಲ್ಲ.

ಗ್ರೀಕ್ ಭಾಷೆಯ ‘ಕಥೆದ್ರ’ ಎಂದರೆ ಕುಳಿತುಕೊಳ್ಳುವ ಆಸನ. ಇಂಗ್ಲಿಷಿನ ‘ಚೇರ್’ ಎಂಬ ನಿತ್ಯಬಳಕೆಯ ಪದವೂ ಇದೇ ಮೂಲದಿಂದ ಹುಟ್ಟಿದ್ದು, ಮನೆಯ ಕುರ್ಚಿಗೂ ಕೆಥೆಡ್ರಲ್ಲಿಗೂ ಹೀಗೊಂದು ನೆಂಟಸ್ತಿಕೆಯಿದೆ. ಒಂದು ಧರ್ಮಪ್ರಾಂತ್ಯದ, ಅಂದರೆ ಹಲವು ಚರ್ಚ್‌ಗಳನ್ನು ಒಳಗೊಂಡ ಆಡಳಿತ ವ್ಯಾಪ್ತಿಯ ಮುಖ್ಯಸ್ಥರಾದ ಬಿಷಪ್ಪರ ಪೀಠ ಯಾವ ಚರ್ಚ್‌ನಲ್ಲಿದೆಯೋ ಅದು ಕೆಥೆಡ್ರಲ್. ಮಠದ ‘ಪೀಠ’, ‘ಪೀಠಾಧಿಪತಿ’ ಎಂಬ ಮಾತುಗಳನ್ನು ಬಲ್ಲ ಕನ್ನಡಿಗರಿಗೆ ಆಸನವೇ ಅಧಿಕಾರದ ಗುರುತಾಗುವ ಈ ಬಗೆ ಅಪರಿಚಿತವೇನಲ್ಲ. ಮೊದಲಿಗೆ ‘ಕೆಥೆಡ್ರಲ್ ಚರ್ಚ್’ ಎಂಬ ಜೋಡಿಪದದಲ್ಲಿ ವಿಶೇಷಣವಾಗಿದ್ದ ಈ ಶಬ್ದ ಕ್ರಮೇಣ ಒಂಟಿಯಾಗಿ ನಿಂತಿದ್ದರಿಂದ, ಎರಡೂ ಬೇರೆ ಬೇರೆ ಜಾತಿಯ ಕಟ್ಟಡಗಳೆಂಬ ಭ್ರಮೆಗೆ ಎಡೆಯಾಯಿತು. ಕೆಥೆಡ್ರಲ್ ಕೂಡ ಒಂದು ಚರ್ಚೇ. ‘ಚರ್ಚ್’ ಎಂಬುದಕ್ಕೆ ಗ್ರೀಕ್ ಮೂಲದಲ್ಲಿ ಪ್ರಭುವಿಗೆ ಸೇರಿದ್ದು ಎಂಬ ಅರ್ಥವಿದ್ದರೆ, ಕರಾವಳಿಯ ಕೊಂಕಣಿ ಕ್ರೈಸ್ತರು ಪೋರ್ಚುಗೀಸಿನಿಂದ ಪಡೆದ ‘ಇಗರ್ಜಿ’ಯ ಗ್ರೀಕ್ ಬೇರಿನಲ್ಲಿ ಸೇರಿದ ಸಭೆ ಎಂಬ ಅರ್ಥವಿದೆ.

ಮಂಗಳೂರಿನ ಕ್ಯಾಥೊಲಿಕ್ ಬಿಷಪ್ಪರ ಪೀಠವಿರುವುದು 1568ರಲ್ಲಿ ಮೊದಲು ಸ್ಥಾಪನೆಯಾದ ರೊಸಾರಿಯೊ ಚರ್ಚ್‌ನಲ್ಲಿ. ಆದ್ದರಿಂದ ಕೆಥೆಡ್ರಲ್ ಎಂಬ ಹೆಸರು ಅದಕ್ಕೆ ಸಲ್ಲುತ್ತದೆ. ಬಿಷಪ್ ಕುಲಶೇಖರಕ್ಕೆ ಬಂದು ಬಲಿಪೂಜೆ ಅರ್ಪಿಸಿದರೂ, ಭಕ್ತರ ಸಂಖ್ಯೆ ಎಷ್ಟೇ ಬೆಳೆದರೂ, ಪೀಠ ಅಲ್ಲಿಗೆ ವರ್ಗಾವಣೆಯಾಗದ ಹೊರತು ಹೋಲಿ ಕ್ರಾಸ್ ಚರ್ಚ್ ಆಗಿಯೇ ಇರುತ್ತದೆ, ಅದರಿಂದ ಅದರ ಗೌರವಕ್ಕೆ ಕಿಂಚಿತ್ತೂ ಕುಂದಿಲ್ಲ. ಬಿಷಪ್ಪರ ವ್ಯವಸ್ಥೆಯುಳ್ಳ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೂ ಮಂಗಳೂರಿನ ಬಲ್ಮಠದಲ್ಲಿ ಶಾಂತಿ ಕೆಥೆಡ್ರಲ್ ಇರುವುದರಿಂದ, ಊರಿಗೊಂದೇ ಕೆಥೆಡ್ರಲ್ ಎಂಬ ನಂಬಿಕೆಯೂ ನಿಲ್ಲುವುದಿಲ್ಲ.

ಚಾಪೆಲ್ ಎಂದರೆ ಪುಟ್ಟ ಗುಡಿ ಎಂಬ ಕಲ್ಪನೆಯನ್ನು ಮಂಗಳೂರಿನಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಸುಳ್ಳಾಗಿಸುತ್ತದೆ. ಆಂಟೊನಿಯೊ ಮೊಸ್ಕೇನಿ ಅವರ ವರ್ಣಚಿತ್ರಗಳು ಗೋಡೆ, ಚಾವಣಿಗಳನ್ನೆಲ್ಲ ತುಂಬಿರುವ ಆ ವಿಶಾಲ ಮಂದಿರ ಒಂದು ವಿದ್ಯಾಸಂಸ್ಥೆಗೆ ಸೇರಿದ್ದರಿಂದ ಚಾಪೆಲ್ ಎನಿಸಿದೆ. ಇನ್ನೊಂದು ತುದಿಯಲ್ಲಿ, ಜಗತ್ತಿನ ಅತ್ಯಂತ ಪ್ರಸಿದ್ಧ ಚರ್ಚ್ ಆದ ವ್ಯಾಟಿಕನ್ನಿನ ಸಂತ ಪೀಟರರ ಬೆಸಿಲಿಕಾ ಕೆಥೆಡ್ರಲ್ ಅಲ್ಲ. ರೋಮಿನ ಬಿಷಪ್ ಕೂಡ ಆಗಿರುವ ಪೋಪ್ ಅವರ ಪೀಠವಿರುವುದು ಅದೇ ನಗರದ ಲ್ಯಾಟೆರನ್ ಚರ್ಚ್‌ನಲ್ಲಿ. ಬೆಸಿಲಿಕಾ ಎಂಬುದು ಪೋಪ್ ನೀಡುವ ಗೌರವ. ಕಾರ್ಕಳದ ಅತ್ತೂರಿನ ಚರ್ಚ್‌ಗೆ 2016ರಲ್ಲಿ ಅದು ದೊರೆಯಿತಾದರೂ ಬಿಷಪ್ಪರ ಪೀಠ ಅಲ್ಲಿಗೆ ಬರಲಿಲ್ಲ. ಅತ್ತೂರನ್ನು ಒಳಗೊಂಡ ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ರಚನೆಯಾದಾಗಲೇ ಅದರ ಬಿಷಪ್ಪರ ಪೀಠ ಕಲ್ಯಾಣಪುರದ ಮಿಲಾಗ್ರಿಸ್ ಚರ್ಚ್‌ಗೆ ಸಂದು, ಅದನ್ನು ಕೆಥೆಡ್ರಲ್ ಆಗಿಸಿತ್ತು. ಅದೇ ಹೆಸರು ಹೊತ್ತ ಮಂಗಳೂರಿನ ಹಂಪನಕಟ್ಟೆಯ ಮಿಲಾಗ್ರಿಸ್ ಇಂದಿಗೂ ಚರ್ಚ್.